ಬರೀ ‘ಚಲೋ ಬಂದೈತಿ’ ಅಂದ್ರ ಸಾಲದು

ರೋಣ, ನರಗುಂದ, ಗಜೇಂದ್ರಗಡ ಕಡೆಯವರಿಗೆ ವಿಮಾನದ ಫೋಟೋ ಹುಚ್ಚು ಹಿಡಿದರೆ ಸ್ವಲ್ಪ ಕಷ್ಟವೇ. ಹತ್ತಿರ ಅಂದರೆ ಹುಬ್ಬಳ್ಳಿ ವಿಮಾನ ನಿಲ್ದಾಣ. ಫೈಟರ್ ಜೆಟ್ ಬೇಕಂದರೆ ಯಲಹಂಕದ ಏರೋ ಇಂಡಿಯಾ. 1996ರಲ್ಲಿ ಶುರುವಾದ ಈ ಪ್ರದರ್ಶನ ಬರೋದು ಎರಡು ವರ್ಷಕ್ಕೊಮ್ಮೆ. ಹೋದವರು ಎರಡು ಸಾವಿರ ಫೋಟೋ ಹೊಡೀತಾರೆ, ವಾಪಸ್ ಬರೋ ರಾತ್ರಿ ಬಸ್ಸಿನಲ್ಲೇ ಅರ್ಧ ಡಿಲೀಟ್ ಮಾಡಿರ್ತಾರೆ.

2025ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಬಂದಿದ್ದವು. ಗಜೇಂದ್ರಗಡದ ಗೆಳೆಯನೊಬ್ಬ ಸುಖೋಯ್ ರನ್‌ವೇ ಬಿಟ್ಟೇಳುವ ಕ್ಷಣ ಹಿಡಿದಿದ್ದ. ಆದರೆ ವಿಮಾನದ ಅಂಚೆಲ್ಲ ನೀರಿನಲ್ಲಿ ನೋಡಿದ ಹಾಗೆ ಅಲುಗಾಡಿತ್ತು. “ಇದು ನನ್ನ ಕೈಲಿ ಆಗೂದಲ್ಲಲೇ, ಕ್ಯಾಮೆರಾ ಮಾರಿಬಿಡ್ತೀನಿ” ಅಂದ. ವಾಟ್ಸ್ಯಾಪ್ ಗುಂಪಿನಿಂದ ಕೂಡಲೇ ಉತ್ತರ: “ಏ, ಭಾರೀ ಚಲೋ ಬಂದೈತಿ ಬಿಡೋ!” ಅವನಿಗೆ ಸಿಟ್ಟು ಇನ್ನೂ ಏರಿತು. ಫೋಟೋ ಚಲೋ ಬಂದಿಲ್ಲ ಅಂತ ಕಣ್ಣಿಗೇ ಕಾಣುವಾಗ ಹೊಗಳಿದರೆ, ಪಾಪ ಅಂತ ಹೇಳಿದ ಹಾಗೇ.

ನರಗುಂದದ ಹಿರಿಯರೊಬ್ಬರು ಮಾತ್ರ ಹೊಗಳಲಿಲ್ಲ. “ಎಷ್ಟೊತ್ತಿಗೆ ತಗದಿ ತಮ್ಮಾ?” ಅಂತ ಕೇಳಿದರು. ನಡು ಮಧ್ಯಾಹ್ನ. “ಅದ ವಿಮಾನ ನೆತ್ತಿ ಮ್ಯಾಲ ಬಂದಾಗಿನ ಫೋಟೋ ಕಳಸು.” ಕಳಿಸಿದ. ರೆಕ್ಕೆಯ ಗೆರೆಗಳೂ ಸ್ಪಷ್ಟ! ಹಾಗಾದರೆ ಕೈ ನಡುಗಿಲ್ಲ, ಲೆನ್ಸೂ ಕೆಟ್ಟಿಲ್ಲ. ನಮ್ಮ ಎರಿಹೊಲದ ಮೇಲೆ ಬೇಸಿಗೆಯಲ್ಲಿ ಕಾಣುವ ಬಿಸಿಲ್ಗುದುರೆ ಇದೆಯಲ್ಲ, ರನ್‌ವೇ ಮೇಲೂ ಅದೇ ಆಟ. ಕಾದ ಗಾಳಿ ಬೆಳಕನ್ನು ಬಾಗಿಸುತ್ತದೆ. ಲಕ್ಷ ರೂಪಾಯಿ ಲೆನ್ಸ್ ತಂದರೂ ಅದು ಹೋಗುವುದಿಲ್ಲ. ಬೆಳಗ್ಗೆ ಬೇಗ ತೆಗೀಬೇಕು, ಇಲ್ಲಾ ವಿಮಾನ ಮೇಲೇರುವ ತನಕ ಕಾಯಬೇಕು. (ನಮ್ಮ ಆಫೀಸಿನ ಭಾಷೆಯಲ್ಲಿ: ಕೋಡ್ ಸರಿ ಇದೆ, ಸರ್ವರ್ ಬಿಸಿಯಾಗಿದೆ.)

ಬೈಸಿಕೊಳ್ಳಬೇಕಾದ ಫೋಟೋ ಅವನ ಹತ್ತಿರ ಬೇರೆಯೇ ಇತ್ತು. ಹುಬ್ಬಳ್ಳಿ ದಾರಿಯಲ್ಲಿ ತೆಗೆದ ಪ್ರೊಪೆಲರ್ ವಿಮಾನದ್ದು. ಅದನ್ನೇ ಅವನು ಬೆಸ್ಟ್ ಅಂದುಕೊಂಡಿದ್ದ, ಶಾರ್ಪ್ ಇತ್ತಲ್ಲ! ಪ್ರೊಪೆಲರೂ ಶಾರ್ಪ್, ನಿಂತೇ ಬಿಟ್ಟಿತ್ತು. ದಾರ ಕಟ್ಟಿ ಇಳಿಬಿಟ್ಟ ಆಟಿಕೆ ವಿಮಾನದ ಹಾಗೆ.

ಲೆಕ್ಕ ನೋಡಿ. ಎಟಿಆರ್ 72ರ ಪ್ರೊಪೆಲರ್ ಟೇಕಾಫ್‌ನಲ್ಲಿ ನಿಮಿಷಕ್ಕೆ ಸುಮಾರು 1200 ಸುತ್ತು, ಅಂದರೆ ಸೆಕೆಂಡಿಗೆ 20. ಶಟರ್ 1/2000 ಸೆಕೆಂಡ್ ಇಟ್ಟರೆ ಅಷ್ಟರಲ್ಲಿ ಅದು ತಿರುಗುವುದು ನಾಲ್ಕು ಡಿಗ್ರಿಗೂ ಕಡಿಮೆ. 1/125ಕ್ಕೆ ಇಳಿಸಿದರೆ ಸುಮಾರು 58 ಡಿಗ್ರಿ. ಆರು ಬ್ಲೇಡುಗಳ ನಡುವಿನ ಅಂತರ 60 ಡಿಗ್ರಿ ಆದ್ದರಿಂದ ಚಕ್ರ ಹೆಚ್ಚುಕಡಿಮೆ ತುಂಬಿಬಿಡುತ್ತದೆ. ಆದರೆ ಅಷ್ಟು ನಿಧಾನದ ಶಟರ್‌ನಲ್ಲಿ ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸುವ ಕೈ ಪಳಗಬೇಕು. ಮೊದಮೊದಲು ಹತ್ತರಲ್ಲಿ ಒಂಬತ್ತು ಹಾಳಾಗ್ತಾವೆ. ಆಗಲಿ ಬಿಡಿ.

ಪಳಗಿಸೋಕೆ ವಿಮಾನವೇ ಬೇಕಂತಿಲ್ಲ. ಹಿರಿಯರು ಅವನನ್ನು ರೋಣ-ಗಜೇಂದ್ರಗಡ ರಸ್ತೆ ಬದಿಗೆ ನಿಲ್ಲಿಸಿದರು. ಬರೋ ಹೋಗೋ ಬಸ್ಸು, 1/60 ಸೆಕೆಂಡ್, ವಾರಕ್ಕೆ ಎರಡು ಸಂಜೆ. ಕ್ಯಾಮೆರಾ ಇನ್ನೂ ಮಾರಿಲ್ಲ. ಹೋದ ವಾರದ ಫೋಟೋದಲ್ಲಿ ಚಕ್ರ ಗಿರಗಿರ ತಿರುಗ್ತಿತ್ತು, ಬೋರ್ಡಿನ ‘ಗಜೇಂದ್ರಗಡ’ ಸಲೀಸಾಗಿ ಓದೋ ಹಾಗಿತ್ತು. ಗುಂಪಿನಲ್ಲಿ ಚಪ್ಪಾಳೆಯ ಇಮೋಜಿ ಸಾಲು. ಕೊನೆಗೆ ನರಗುಂದದಿಂದ ಒಂದೇ ಮೆಸೇಜು: “ಕೈ ಕೂತೈತಿ. ಹಿಂದಿನ ಲೈಟ್ ಕಂಬ ಡ್ರೈವರ್ ತಲಿ ಮ್ಯಾಲ ಬಂದೈತಿ, ನಾಳೆ ಎರಡು ಹೆಜ್ಜಿ ಎಡಕ್ಕ ನಿಲ್ಲು.”