ಆಕೆ ಪ್ರಕೃತಿಯಲ್ಲ, ಕಮೀಲ್

ಸಾಗರದ ಸಭೆಯೊಂದರಲ್ಲಿ ವಿದ್ವಾಂಸರೊಬ್ಬರು ಫ್ರಾನ್ಸಿನ ಕ್ಲೋದ್ ಮೊನೆಯ ‘ಕೊಡೆ ಹಿಡಿದ ಮಹಿಳೆ’ ಚಿತ್ರವನ್ನು ತೋರಿಸಿ, ಇಲ್ಲಿ ಹೆಣ್ಣು ಪ್ರಕೃತಿಯಲ್ಲಿ ಕರಗಿಹೋಗಿದ್ದಾಳೆ, ಹೆಣ್ಣೇ ಪ್ರಕೃತಿ ಎಂದರು. ಚಪ್ಪಾಳೆ ಬಿತ್ತು. ನಾವು ತಟ್ಟಲಿಲ್ಲ. ಬ್ಯಾಕೋಡಿಗೆ ಮರಳುವವರೆಗೂ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಾಗಿ ಚುಚ್ಚುತ್ತಿತ್ತು.

ಆ ಹೆಂಗಸಿಗೊಂದು ಹೆಸರಿದೆ. ಕಮೀಲ್. ಮೊನೆಯ ಹೆಂಡತಿ. ಪಕ್ಕದ ಹುಡುಗ ಮಗ ಝಾನ್. ಚಿತ್ರ 1875ರದ್ದು, 1879ರಲ್ಲಿ, ಕೇವಲ 32ನೇ ವಯಸ್ಸಿನಲ್ಲಿ, ಕಾಯಿಲೆಯಿಂದ ಆಕೆ ತೀರಿಕೊಂಡಳು.

ಚಿತ್ರವನ್ನಾದರೂ ಸರಿಯಾಗಿ ನೋಡಬೇಡವೇ? ಆಕೆ ದಿಬ್ಬದ ಮೇಲಿದ್ದಾಳೆ, ನೋಡುವವರು ಕೆಳಗೆ. ಯಾರೋ ಕರೆದರೆಂಬಂತೆ ತಿರುಗಿದ್ದಾಳೆ. ಬೆಳಕು ಬೆನ್ನ ಹಿಂದಿನಿಂದ ಬರುತ್ತಿದೆ, ನೆರಳು ಹುಲ್ಲಿನ ಮೇಲೆ ನಮ್ಮತ್ತ ಚಾಚಿದೆ. ಕರಗಿಹೋದವಳಿಗೆ ನೆರಳೆಲ್ಲಿಯದು ಸ್ವಾಮಿ? 1886ರಲ್ಲಿ ಮೊನೆ ಬೇರೊಬ್ಬಳನ್ನು ನಿಲ್ಲಿಸಿ ಇಂಥವೇ ಎರಡು ಚಿತ್ರ ಬರೆದ. ಅವುಗಳಲ್ಲಿ ಕಣ್ಣು, ಮೂಗು ಕಾಣುವುದೇ ಇಲ್ಲ. ವಿದ್ವಾಂಸರ ಮಾತಿಗೆ ಅಲ್ಲಿ ಕೊಂಚ ಬೆಲೆ ಬಂದೀತು.

ಕಮೀಲಳ ಟೋಪಿಯ ತೆಳುಪರದೆ ಗಾಳಿಗೆ ಮುಖದ ಮೇಲೆ ಹಾರಿದೆ. ವಿದ್ವಾಂಸರಿಗೆ ಅದು ‘ರಹಸ್ಯ’ವಾಗಿ ಕಂಡಿತು. ಒಳ್ಳೆಯದು. ನಮ್ಮೂರ ಹೆಂಗಸಿನ ಮುಖದ ಪರದೆಯಲ್ಲಿ ಮಾತ್ರ ಇಂಥವರಿಗೆ ರಹಸ್ಯ ಕಾಣುವುದಿಲ್ಲ, ಕನಿಕರವಷ್ಟೇ ಉಕ್ಕುತ್ತದೆ.

ದೂರದ ಚಿತ್ರಕ್ಕೆ ಇಷ್ಟು ಸಿಟ್ಟೇಕೆ ಎನ್ನಬಹುದು. 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟುತ್ತಿದ್ದೆವು. ಪ್ರವಾಸಿಗಳ ಕ್ಯಾಮೆರಾಕ್ಕೆ ಗೊರಬು ಹೊತ್ತು ಸಸಿ ನೆಡುವವಳು ‘ಮಲೆನಾಡ ಸಿರಿ’. ಅವಳ ಕೂಲಿ ಎಷ್ಟೆಂದು ಯಾರೂ ಕೇಳಲಿಲ್ಲ. ಅವರು ಪ್ರಕೃತಿ ಎಂದು ಮೆಚ್ಚಿದ ನೀರೂ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನದು; ಅಡಿಯಲ್ಲಿ ಜನರ ಗದ್ದೆ, ಮನೆಗಳಿವೆ.

ಒಮ್ಮೆ ನಮ್ಮ ಖಾಲಾ ಬುರ್ಖಾ ತೊಟ್ಟು, ಆಸ್ಪತ್ರೆಯ ಚೀಟಿ ಹಿಡಿದು ಲಾಂಚಿನ ಅಂಚಿಗೆ ನಿಂತಿದ್ದರು. ಸೂರ್ಯಾಸ್ತ ತೆಗೆಯುತ್ತಿದ್ದ ಹುಡುಗನೊಬ್ಬ, “ಆಂಟಿ, ಸ್ವಲ್ಪ ಸರಿಯಿರಿ, ಸೀನ್ ಹಾಳಾಗುತ್ತೆ” ಅಂದ.

ಖಾಲಾ ಕದಲಲಿಲ್ಲ. “ಹೊಳೆ ನಿಂದಾ ಮಾರಾಯಾ?” ಎಂದರು.