ಕಾಯುವವಳು ಸೋಮಾರಿಯಲ್ಲ

"ಸರ್ವರ್ ಸ್ಲೋ ಇದೆ, ನಾಳೆ ಬನ್ನಿ." ಈ ಮಾತನ್ನು ಕೇಳದ ಹೆಂಗಸು ನಮ್ಮ ಊರುಗಳಲ್ಲಿ ಇದ್ದಾಳೆಯೇ? ಪಡಿತರ ಅಂಗಡಿಯಲ್ಲಿ ಬೆರಳೊತ್ತಿ ನಿಂತವಳು ಕೇಳಿದ್ದಾಳೆ, ಪಹಣಿಗೆಂದು ನಾಡಕಚೇರಿಗೆ ಹೋದವಳು ಕೇಳಿದ್ದಾಳೆ, ಪಿಂಚಣಿ ಬಂತೇ ಎಂದು ಪಾಸ್‌ಬುಕ್ ಹಿಡಿದು ಬಂದ ಅಜ್ಜಿಯೂ ಕೇಳಿದ್ದಾಳೆ. ಹಿಂದೆ 'ಸಾಹೇಬರಿಲ್ಲ' ಎನ್ನುತ್ತಿದ್ದ ಜಾಗದಲ್ಲಿ ಈಗ ಸರ್ವರ್ ಬಂದು ಕೂತಿದೆ. ಸಾಹೇಬರಾದರೆ ಎಂದಾದರೂ ಬಂದಾರು. ಸರ್ವರಿಗೆ ಏನಾಗಿದೆ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ನನ್ನ ತಕರಾರು ಇಷ್ಟೆ. 'ಸ್ಲೋ' ಎಂಬುದು ಉತ್ತರವಲ್ಲ. ಜ್ವರ ಎಂಬುದು ಹೇಗೆ ಕಾಯಿಲೆಯ ಹೆಸರಲ್ಲವೋ ಹಾಗೆ ಇದೂ. ಮೈ ಸುಡುವ ಮಗುವನ್ನು ಎತ್ತಿಕೊಂಡು ಹೋದರೆ ಡಾಕ್ಟರು ಥರ್ಮಾಮೀಟರ್ ಇಡುತ್ತಾರೆ, ನಾಲಿಗೆ ನೋಡುತ್ತಾರೆ, ಎಂದಿನಿಂದ ಎಂದು ಕೇಳುತ್ತಾರೆ. ಏನನ್ನೂ ನೋಡದೆ "ಈ ಮಗು ಹಳೆಯದಾಯಿತು, ಬೇರೆ ತನ್ನಿ" ಎನ್ನುವುದಿಲ್ಲ. ನಮ್ಮ ಕಚೇರಿಗಳಲ್ಲಿ ಕಂಪ್ಯೂಟರಿನ ವಿಷಯದಲ್ಲಿ ನಡೆಯುವುದು ಮಾತ್ರ ಅದೇ.

ಇಪ್ಪತ್ತೆರಡು ವರ್ಷ ನಾನು ಜಿಲ್ಲಾ ಕೇಂದ್ರವೊಂದರ ಪತ್ತಿನ ಸೊಸೈಟಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡವಳು. ವಿಭಾಗ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಮೆಟ್ಟಿಲ ಕೆಳಗೊಂದು ಕೋಣೆ, ಅದರಲ್ಲಿ ಒಂದು ಸರ್ವರ್, ಒಂದು ಯುಪಿಎಸ್, ಮತ್ತು ನಾನು. ಅಲ್ಲಿ 2014ರ ಜುಲೈನಲ್ಲಿ ನಡೆದದ್ದನ್ನು ಹೇಳಿದರೆ ನನ್ನ ಸಿಟ್ಟು ನಿಮಗೂ ಅರ್ಥವಾದೀತು.

ಒಂದು ಸೋಮವಾರದಿಂದ ಕೌಂಟರುಗಳು ತೆವಳತೊಡಗಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿದ್ದ ಒಂದು ಜಮಾ ನಮೂದಿಗೆ ಅರ್ಧ ನಿಮಿಷ. ಸಾಲು ಗೇಟಿನವರೆಗೆ ಬೆಳೆಯಿತು. ಸ್ವಸಹಾಯ ಸಂಘದ ಹಣ ಕಟ್ಟಲು ಹಳ್ಳಿಯಿಂದ ಬಂದ ಹೆಂಗಸರಿಗೆ ಮಧ್ಯಾಹ್ನದ ಬಸ್ಸು ತಪ್ಪಿತು. "ಏನವ್ವಾ, ನಾಕಂಕಿ ಬರೆಯೋಕೆ ಇಷ್ಟೊತ್ತಾ?" ಎಂಬ ಬೈಗುಳವೆಲ್ಲ ಕೌಂಟರಿನ ಹುಡುಗಿಯರ ಪಾಲಿಗೆ. ವ್ಯವಸ್ಥಾಪಕರು ಗಾಜಿನ ಆಚೆಯಿಂದ ನೋಡಿದರು. ಹುಡುಗಿಯರು ಕೈಕಟ್ಟಿ ಕೂತಿದ್ದರು. "ನೋಡಿ ಮೇಡಂ, ಹೊರಗೆ ಜನ ಸಾಯ್ತಿದ್ದಾರೆ, ಇವರು ಹಾಯಾಗಿ ಕೂತಿದ್ದಾರೆ" ಎಂದರು. ಮೂರನೆಯ ದಿನ, ಗುತ್ತಿಗೆಯ ಮೇಲಿದ್ದ ಇಬ್ಬರಿಗೆ 'ಕೆಲಸದಲ್ಲಿ ನಿಧಾನ' ಎಂದು ಮೆಮೊ ಹೋಯಿತು.

ಯಂತ್ರ ಮಾರಿದವರ ಕಡೆಯಿಂದ ಒಬ್ಬ ಹುಡುಗ ಬಂದ. ಸರ್ವರಿನಿಂದ ಒಂದು ದೊಡ್ಡ ಫೈಲನ್ನು ತನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿ ನೋಡಿದ. ಸರಾಗವಾಗಿ ಬಂತು. "ಡಿಸ್ಕ್ ಸರಿಯಾಗಿದೆ. ಮೂರು ವರ್ಷದ ಮೆಷೀನು, ಈಗಿನ ಕೆಲಸಕ್ಕೆ ಸಾಲದು" ಎಂದು ಆರೂವರೆ ಲಕ್ಷದ ಕೊಟೇಶನ್ ಇಟ್ಟು ಹೋದ. ಸರಿಯಾದ ಪ್ರಶ್ನೆ ಕೇಳದವನಿಗೆ ಸರಿಯಾದ ಉತ್ತರ ಹೇಗೆ ಸಿಕ್ಕೀತು?

ಹಾರ್ಡ್ ಡಿಸ್ಕಿನೊಳಗೆ ಇರುವುದು ಗಿರ್ರನೆ ತಿರುಗುವ ತಟ್ಟೆಗಳು ಮತ್ತು ಅವುಗಳ ಮೇಲೆ ಅತ್ತಿತ್ತ ಸರಿಯುವ ತೋಳು. ನಮ್ಮದು ನಿಮಿಷಕ್ಕೆ 7200 ಸುತ್ತಿನದು. ಅಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ತೋಳು ಬೇಕಾದ ಜಾಗಕ್ಕೆ ಸರಿಯಲು 8-9 ಮಿಲಿಸೆಕೆಂಡ್, ಬೇಕಾದ ಅಕ್ಷರ ತಿರುಗಿ ಅದರ ಕೆಳಗೆ ಬರಲು ಸರಾಸರಿ ಇನ್ನು ನಾಲ್ಕು. ಹೀಗಾಗಿ ಚೆಲ್ಲಾಪಿಲ್ಲಿಯಾದ ಸಣ್ಣ ಕೆಲಸಗಳಾದರೆ ಒಂದು ಡಿಸ್ಕ್ ಸೆಕೆಂಡಿಗೆ 80ರ ಆಸುಪಾಸಿನಷ್ಟನ್ನೇ ಮಾಡಬಲ್ಲುದು. ಸಂತೆಯಲ್ಲಿ ಒಂದೇ ಅಂಗಡಿಯಲ್ಲಿ ಮೂಟೆ ಈರುಳ್ಳಿ ಕೊಳ್ಳುವುದಕ್ಕೂ, ಇಪ್ಪತ್ತು ಅಂಗಡಿ ಅಲೆದು ಇಪ್ಪತ್ತು ಬಗೆಯ ತರಕಾರಿ ಕಾಲು ಕಾಲು ಕಿಲೋ ಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ! ದೊಡ್ಡ ಫೈಲೊಂದನ್ನು ಸಾಲಾಗಿ ಓದುವಾಗ ಸೆಕೆಂಡಿಗೆ ನೂರು ಎಂ.ಬಿ. ದಾಟುವ ಅದೇ ಡಿಸ್ಕ್, 4 ಕೆ.ಬಿ.ಯ ಚೂರುಗಳಿಗಾಗಿ ಅಲೆಯುವಾಗ ಅರ್ಧ ಎಂ.ಬಿ.ಯನ್ನೂ ಮುಟ್ಟದು. ಆ ಹುಡುಗ ಅಳೆದದ್ದು ಈರುಳ್ಳಿ ಮೂಟೆಯನ್ನು. ಪಾಸ್‌ಬುಕ್ಕಿನ ಕೆಲಸವಾದರೋ ಕಾಲು ಕಿಲೋ ವ್ಯಾಪಾರ.

ನಾನು ನೋಡಿದ್ದು ಬೇರೆಯದನ್ನು. ಲಿನಕ್ಸಿನಲ್ಲಿ 'ಐಒಸ್ಟ್ಯಾಟ್' ಎಂಬ ಆಜ್ಞೆಯಿದೆ. ದುಡ್ಡು ಕೊಟ್ಟು ತರಬೇಕಾದ್ದಿಲ್ಲ. ಡಿಸ್ಕಿಗೆ ಕೊಟ್ಟ ಒಂದೊಂದು ಕೆಲಸವೂ ಸರಾಸರಿ ಎಷ್ಟು ಹೊತ್ತು ಕಾಯಿತು ಎಂಬುದನ್ನು ಅದು ಓದುವುದಕ್ಕೆ ಬೇರೆ, ಬರೆಯುವುದಕ್ಕೆ ಬೇರೆ ಲೆಕ್ಕ ಹಾಕಿ ತೋರಿಸುತ್ತದೆ. ಪ್ರೊಸೆಸರ್ ಹೆಚ್ಚುಕಡಿಮೆ ಬಿಡುವಾಗಿತ್ತು. ಮೆಮೊರಿ ಬೇಕಾದಷ್ಟಿತ್ತು. ಓದಲು ತಗಲುತ್ತಿದ್ದುದು 11 ಮಿಲಿಸೆಕೆಂಡ್, ಅದೂ ಸರಿಯೇ. ಬರೆಯಲು ಮಾತ್ರ 92. ತಿಂಗಳಿಗೊಮ್ಮೆ ಈ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳುವ ಅಭ್ಯಾಸ ನನಗಿತ್ತು. ಜೂನ್ ತಿಂಗಳ ಪುಟದಲ್ಲಿ ಬರೆಯುವ ಹೊತ್ತು 1 ಮಿಲಿಸೆಕೆಂಡ್ ಎಂದಿತ್ತು. ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆದಿಡುವ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನೆಯ ಲೆಕ್ಕ ಇಲ್ಲದವರು ಇವತ್ತಿನದು ಹೆಚ್ಚೋ ಕಡಿಮೆಯೋ ಎಂದು ಹೇಗೆ ಹೇಳುತ್ತಾರೆ?

ಓದು ನೆಟ್ಟಗಿದೆ, ಬರಹ ಮಾತ್ರ ಕೆಟ್ಟಿದೆ ಎಂದಮೇಲೆ ಹುಡುಕುವ ಜಾಗ ಕಿರಿದಾಯಿತು. ನಮ್ಮ 4 ಡಿಸ್ಕುಗಳು ರೇಡ್-5 ಎಂಬ ಪದ್ಧತಿಯಲ್ಲಿದ್ದವು. ಒಂದು ಡಿಸ್ಕ್ ಸತ್ತರೂ ಲೆಕ್ಕ ಉಳಿಯಲಿ ಎಂಬ ಏರ್ಪಾಡು ಅದು. 1988ರಲ್ಲಿ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಬರ್ಕ್ಲಿಯ ಮೂವರು ಬರೆದ ಪ್ರಬಂಧದಿಂದ ಹೆಸರಾಯಿತು. ಈ ಭದ್ರತೆಗೆ ಬೆಲೆಯೂ ಇದೆ. ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ: ಹಳೆಯ ಅಂಕಿ ಓದು, ಅದರ ತಾಳೆಯ ಅಂಕಿ ಓದು, ಮತ್ತೆ ಎರಡನ್ನೂ ಹೊಸದಾಗಿ ಬರೆ. ಈ ನಿಧಾನ ಯಾರಿಗೂ ತಿಳಿಯದಂತೆ ರೇಡ್ ಕಾರ್ಡಿನಲ್ಲಿ ಒಂದಿಷ್ಟು ಮೆಮೊರಿ ಇರುತ್ತದೆ. ಬಂದದ್ದನ್ನು ಅದು ತನ್ನಲ್ಲಿಟ್ಟುಕೊಂಡು "ಬರೆದಾಯಿತು, ನೀನು ಹೋಗು" ಎನ್ನುತ್ತದೆ, ಆಮೇಲೆ ಸಾವಕಾಶವಾಗಿ ಡಿಸ್ಕಿಗೆ ಇಳಿಸುತ್ತದೆ. ನಡುವೆ ಕರೆಂಟು ಹೋದರೆ? ಅದಕ್ಕೇ ಪಕ್ಕದಲ್ಲಿ ಒಂದು ಪುಟ್ಟ ಬ್ಯಾಟರಿ.

ಕಾರ್ಡಿನ ದಾಖಲೆ ತೆರೆದು ನೋಡಿದೆ. ಭಾನುವಾರ ರಾತ್ರಿ ಬ್ಯಾಟರಿ ಕೆಟ್ಟಿತ್ತು. ಆ ಗಳಿಗೆಯಿಂದ ಕಾರ್ಡು ತನ್ನಷ್ಟಕ್ಕೆ ತಾನು ಆ ಉಪಾಯವನ್ನು ನಿಲ್ಲಿಸಿ, ಒಂದೊಂದು ಬರಹವೂ ಡಿಸ್ಕಿನ ಮೇಲೆ ಬೀಳುವವರೆಗೆ ಎಲ್ಲರನ್ನೂ ಕಾಯಿಸತೊಡಗಿತ್ತು.

ಹಾಲಿನವನು ಬೆಳಗಿನ ಜಾವ ಬಾಗಿಲಲ್ಲಿಟ್ಟ ಪಾತ್ರೆಗೆ ಹಾಲು ಹೊಯ್ದು, ಮೇಲೆ ತಟ್ಟೆ ಮುಚ್ಚಿ ಮುಂದಿನ ಮನೆಗೆ ಹೋಗುತ್ತಾನೆ. ತಟ್ಟೆ ಕಳೆದುಹೋಯಿತೆನ್ನಿ. ಬೀದಿಯಲ್ಲಿ ಬೆಕ್ಕಿದೆ. ಒಳಗಿನವರು ಎದ್ದು ಬಂದು ಪಾತ್ರೆ ಒಯ್ಯುವವರೆಗೆ ಅವನು ಬಾಗಿಲು ತಟ್ಟಿ ನಿಲ್ಲಲೇಬೇಕು. ಬೀದಿಯ ಕೊನೆಯ ಮನೆಗೆ ಹಾಲು ತಲುಪುವಾಗ ಹತ್ತು ಗಂಟೆ. ಇದಕ್ಕೆ ಹಾಲಿನವನನ್ನು ಬೈಯುತ್ತೀರೋ? ಹೊಸ ಹಾಲಿನವನನ್ನು ಹುಡುಕುತ್ತೀರೋ? ಒಂದು ತಟ್ಟೆ ತಂದರೆ ಸಾಲದೇ?

ಆ ತಟ್ಟೆಗೆ ಎಂಟು ಸಾವಿರ ಬಿತ್ತು. ಮುಂದಿನ ಭಾನುವಾರ ಬ್ಯಾಟರಿ ಹಾಕಿಸಿದೆ, ಸೋಮವಾರ ಬರೆಯುವ ಹೊತ್ತು ಮತ್ತೆ 1 ಮಿಲಿಸೆಕೆಂಡ್. ಆರೂವರೆ ಲಕ್ಷ ಉಳಿಯಿತೆಂದು ಆಡಳಿತ ಮಂಡಳಿ ನನಗೆ ಶಾಲು ಹೊದಿಸಿತು. ಮೆಮೊಗಳನ್ನು ಹಿಂತೆಗೆದುಕೊಳ್ಳಿ ಎಂದು ನಾನು ಬರೆದ ಪತ್ರಕ್ಕೆ ಮಾತ್ರ, ಒಮ್ಮೆ ಫೈಲಿಗೆ ಸೇರಿದ್ದನ್ನು ತೆಗೆಯುವ ಕ್ರಮವಿಲ್ಲ ಎಂಬ ಉತ್ತರ ಬಂತು. ಮಾರ್ಚಿನಲ್ಲಿ ಆ ಇಬ್ಬರಲ್ಲಿ ಒಬ್ಬಳ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣದ ಜಾಗದಲ್ಲಿ ಇದ್ದದ್ದು ಅದೇ ಎರಡು ಶಬ್ದ: 'ಕೆಲಸದಲ್ಲಿ ನಿಧಾನ'. ಬ್ಯಾಟರಿಯ ತಪ್ಪನ್ನು ಒಬ್ಬ ಹುಡುಗಿಯ ಅನ್ನದಿಂದ ವಸೂಲಿ ಮಾಡಿದರು.

ಇಲ್ಲಿಯೇ ನನ್ನ ಜಗಳ ಇರುವುದು. ಸುಮ್ಮನಿರುವುದು ಬೇರೆ, ಕಾಯುವುದು ಬೇರೆ. ಆ ವಾರ ಪ್ರೊಸೆಸರ್ ಕೂಡ ಕೈಕಟ್ಟಿಯೇ ಕೂತಿತ್ತು, ಅದಕ್ಕೇನು ಮೆಮೊ ಕೊಟ್ಟರೇ? ಯಂತ್ರದ ಲೆಕ್ಕದಲ್ಲಿ ಡಿಸ್ಕಿಗಾಗಿ ಕಾದ ಹೊತ್ತಿಗೆ ಬೇರೆಯದೇ ಒಂದು ಕಲಮು ಇದೆ. ಮನುಷ್ಯರ ಲೆಕ್ಕದಲ್ಲಿ ಆ ಕಲಮನ್ನೇ ಹಾಕಿಲ್ಲ. ಕುಕ್ಕರಿನ ಮೂರನೆಯ ಕೂಗಿಗೆ ಕಾಯುತ್ತ ನಿಂತ ನಮ್ಮನ್ನು "ಏನು ಸುಮ್ಮನೆ ನಿಂತಿದ್ದೀಯ?" ಎಂದು ಕೇಳುವವರ ಪೈಕಿಯೇ ಈ ಮೆಮೊ ಬರೆಯುವವರೂ.

ಗದರಿಸಿದರೆ ಕೆಲಸ ಬೇಗ ಆಗುತ್ತದೆ ಎಂದು ನಂಬಿದವರಿಗೆ ಒಂದು ಪ್ರಸಂಗ ಹೇಳುತ್ತೇನೆ. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್, ಓಡುತ್ತಿದ್ದ ಡಿಸ್ಕುಗಳಿಗೆ ಮುಖವಿಟ್ಟು ಗಟ್ಟಿಯಾಗಿ ಕಿರುಚಿದರು. ಕಿರುಚಿದ ಕ್ಷಣದಲ್ಲೇ ಡಿಸ್ಕುಗಳ ವಿಳಂಬ ಚಂಗನೆ ಮೇಲೇರಿದ್ದು ಪರದೆಯ ಮೇಲೆ ಕಂಡಿತು. ಕಿರುಚಾಟದ ಕಂಪನಕ್ಕೇ ಅವು ತಡವರಿಸಿದ್ದವು. ಆ ವಿಡಿಯೊ ಈಗಲೂ ನೋಡಲು ಸಿಗುತ್ತದೆ. ಕಬ್ಬಿಣದ ಪೆಟ್ಟಿಗೆಯೊಳಗಿನ ಡಿಸ್ಕೇ ಬೈಗುಳಕ್ಕೆ ನಿಧಾನವಾಗುತ್ತದೆ. ಇಪ್ಪತ್ತೆರಡರ ಹುಡುಗಿ ಆಗುವುದಿಲ್ಲವೇ?

"ಅದೆಲ್ಲ ಹಳೆಯ ಡಿಸ್ಕಿನ ಕಾಲದ ಮಾತು, ಈಗ ಎಸ್‌ಎಸ್‌ಡಿ ಬಂದಿದೆ" ಎನ್ನುವವರಿದ್ದಾರೆ. ನಿಜ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ತೋಳಿಲ್ಲ. ಸೆಕೆಂಡಿಗೆ ಸಾವಿರ ಸಾವಿರ ಸಣ್ಣ ಕೆಲಸ ಮಾಡುತ್ತದೆ. ಹೊಸ ಕಾರ್ಡುಗಳು ಹಲವದರಲ್ಲಿ ಬ್ಯಾಟರಿಯ ಬದಲು ಕೆಪಾಸಿಟರ್ ಇದೆ. ಆದರೆ ಅಗ್ಗದ ಎಸ್‌ಎಸ್‌ಡಿಗಳಲ್ಲಿ ವೇಗದ ಭಾಗ ಸ್ವಲ್ಪವೇ ಇರುತ್ತದೆ, ಅದು ತುಂಬಿದ ಕೂಡಲೆ ಬರಹ ಕುಂಟುತ್ತದೆ. ಹಾರ್ಡ್ ಡಿಸ್ಕಿನವರೂ ಕಡಿಮೆಯಿಲ್ಲ. ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ 'ರೆಡ್' ಸಾಲಿನ ಕೆಲವು ಡಿಸ್ಕುಗಳಲ್ಲಿ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಾಲು ಬರೆಯುವ, ಚದುರಿದ ಬರಹಕ್ಕೆ ನಿಧಾನವಾದ ವಿಧಾನ ಬಳಸಿತ್ತು. ಕೊಂಡವರು ಪಟ್ಟು ಹಿಡಿದು ಕೇಳಿದ ಮೇಲೆಯೇ, 2020ರ ಏಪ್ರಿಲ್‌ನಲ್ಲಿ, ಒಪ್ಪಿಕೊಂಡಿತು. ಇನ್ನು ಹಗಲು ಹೊತ್ತು ಬ್ಯಾಕಪ್ ಓಡಿಸಿದರೆ, ಸತ್ತ ಡಿಸ್ಕಿನ ಬದಲು ಹಾಕಿದ್ದು ಒಳಗೊಳಗೇ ತುಂಬುತ್ತಿದ್ದರೆ, ಮೆಮೊರಿ ಸಾಲದೆ ಡಿಸ್ಕಿನ ಮೇಲೆ ಭಾರ ಬಿದ್ದರೆ ಯಾವ ಯಂತ್ರವಾದರೂ ನಿಧಾನವೇ. ಎಷ್ಟೋ ಸಲ ತಪ್ಪು ಡಿಸ್ಕಿನದೇ ಅಲ್ಲ, ನಡುವಿನ ತಂತಿಯದು. ಅಳೆಯದೆ ಕೊಂಡವರಿಗೆ ಇದೊಂದೂ ತಿಳಿಯದು.

ಆದ್ದರಿಂದ, ಅಕ್ಕತಂಗಿಯರೇ, ಮುಂದಿನ ಸಲ 'ಸರ್ವರ್ ಸ್ಲೋ' ಎಂದಾಗ ಕೌಂಟರಿನವಳನ್ನು ಬೈಯಬೇಡಿ. ಅವಳು ನಿಮ್ಮದೇ ಸಾಲಿನ ಮೊದಲನೆಯವಳು, ಅಷ್ಟೆ. ನೆಟ್ಟಗೆ ಒಳಗಿನ ಕೋಣೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ಎಂದಿನಿಂದ ನಿಧಾನ? ಓದುವುದು ನಿಧಾನವೋ, ಬರೆಯುವುದೋ? ಅಳೆದವರು ಯಾರು, ಅಂಕಿ ಎಲ್ಲಿದೆ? "ನಿಮಗೆ ಇದೆಲ್ಲ ಅರ್ಥವಾಗಲ್ಲಮ್ಮ" ಎಂದರೆ ದೂರಿನ ಪುಸ್ತಕ ಕೇಳಿ, ಅದೇ ಮೂರು ಪ್ರಶ್ನೆಗಳನ್ನು ತಾರೀಖು ಹಾಕಿ ಬರೆದು ಬನ್ನಿ. ಸೊಸೈಟಿಯ ಷೇರು ನಿಮ್ಮ ಹೆಸರಿನಲ್ಲಿದ್ದರೆ ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ.

ಗಾಜಿನ ಹಿಂದೆ ಕೂತ ಸಾಹೇಬರಿಗೂ ಒಂದು ಮಾತು. 'ಕೆಲಸದಲ್ಲಿ ನಿಧಾನ' ಎಂದು ಯಾರ ಫೈಲಿಗಾದರೂ ಬರೆಯುವ ಮೊದಲು, ಆ ದಿನ ಡಿಸ್ಕ್ ಎಷ್ಟು ಮಿಲಿಸೆಕೆಂಡ್ ಕಾಯಿಸಿತು ಎಂಬ ಚೀಟಿಯನ್ನು ಅದೇ ಫೈಲಿನಲ್ಲಿಡಿ. ಆ ಚೀಟಿ ಇಲ್ಲದ ಮೆಮೊಗೆ ಸಹಿ ಹಾಕಬೇಡಿ.