‘ತೃಪ್ತಿಯಾಯ್ತಾ?’ ಅಂತಲ್ಲ, ‘ಏನಾಯ್ತು?’ ಅಂತ ಕೇಳಿ

ಸರ್ಕಾರಿ ಆಸ್ಪತ್ರೆಗೆ ಹೋಗಿಬಂದವರನ್ನು ‘ಸೇವೆ ಹೇಗಿತ್ತು?’ ಎಂದು ಕೇಳುವ ವ್ಯವಸ್ಥೆ ನಮ್ಮಲ್ಲಿ ಇಲ್ಲದೇ ಇಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ‘ಮೇರಾ ಅಸ್ಪತಾಲ್’, ಅಂದರೆ ‘ನನ್ನ ಆಸ್ಪತ್ರೆ’ ಎಂಬ ಯೋಜನೆ ತಂದಿತು. ಇದಕ್ಕೆ ಜೋಡಿಸಿರುವ ಆಸ್ಪತ್ರೆಗಳಲ್ಲಿ ಚೀಟಿ ಮಾಡಿಸುವಾಗ ಕೊಟ್ಟ ಮೊಬೈಲ್ ನಂಬರಿಗೆ ಎಸ್ಸೆಮ್ಮೆಸ್ ಅಥವಾ ಕರೆ ಬರುತ್ತದೆ. ತೃಪ್ತಿಯಾಯಿತೇ? ಆಗಿಲ್ಲವೆಂದರೆ ಕಾರಣ ಸಿಬ್ಬಂದಿಯ ನಡವಳಿಕೆಯೋ, ಸ್ವಚ್ಛತೆಯೋ, ಖರ್ಚೋ, ಚಿಕಿತ್ಸೆಯ ಗುಣಮಟ್ಟವೋ? 2021ರ ಸೆಪ್ಟೆಂಬರಿನಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳ ಚಿಕಿತ್ಸೆಗೆಂದೇ ‘ಮುಸ್ಕಾನ್’ ಕಾರ್ಯಕ್ರಮವೂ ಬಂತು. ಮಕ್ಕಳ ಹೊರರೋಗಿ ವಿಭಾಗವೂ ಅದರ ವ್ಯಾಪ್ತಿಯಲ್ಲಿದೆ.

ಕಾಗದದ ಮೇಲೆ ಎಲ್ಲ ಸರಿ. ಇದನ್ನೇ ನಮ್ಮ ಹೆಗ್ಗಡದೇವನಕೋಟೆಗೆ ತಂದು ನೋಡೋಣ.

ಇಲ್ಲಿನ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ, ಯರವ, ಸೋಲಿಗ ಕುಟುಂಬಗಳಿವೆ. ಅನೇಕರು ಕೂಲಿಗೆ ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಜ್ವರ ಬಂದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಬರುವವಳು ಹೆಚ್ಚಾಗಿ ತಾಯಿ, ಇಲ್ಲವೇ ಅಜ್ಜಿ. ಮನೆಗೊಂದೇ ಫೋನ್ ಇದ್ದರೆ ಅದು ತೋಟದಲ್ಲಿರುವ ಅಪ್ಪನ ಜೇಬಿನಲ್ಲಿರುತ್ತದೆ. ಚೀಟಿ ಮಾಡಿಸುವಾಗ ಹೇಳುವುದೂ ಅದೇ ನಂಬರ್. ಸರದಿಯಲ್ಲಿ ನಿಂತವಳು ಒಬ್ಬಳು, ಕರೆ ಬರುವುದು ಇನ್ನೊಬ್ಬನಿಗೆ. ಅವನು ಏನು ಒತ್ತಿಯಾನು?

ಇನ್ನು ಕೆಲವರಿಗೆ ಆ ಕರೆಯೂ ಬರುವುದಿಲ್ಲ. ಡಿ.ಬಿ.ಕುಪ್ಪೆಯವರಿಗೆ ಕೋಟೆ ಪಟ್ಟಣಕ್ಕಿಂತ ಕೇರಳದ ಮಾನಂದವಾಡಿಯೇ ಹತ್ತಿರ. ಮೈಸೂರಿನ ಕಡೆ ಬರುವ ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಮಾನಂದವಾಡಿಗೆ ಹೋದ ಮಗು ನಮ್ಮ ತಾಲ್ಲೂಕಿನ ಲೆಕ್ಕಕ್ಕೆ ಸಿಗುವುದಿಲ್ಲ. ಸುಮಾರು 50 ಕಿಲೋಮೀಟರ್ ದೂರದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ನೇರವಾಗಿ ಹೋದ ಮಗುವೂ ಅಷ್ಟೆ. ಬಸ್ಸು ತಪ್ಪುತ್ತದೆಂದು ಸರದಿ ಬಿಟ್ಟು ಎದ್ದುಹೋದ ತಾಯಿಯ ಅಭಿಪ್ರಾಯ ಎಲ್ಲಿ ದಾಖಲಾಗುತ್ತದೆ? ಎಂಜಿನಿಯರಿಂಗಿನಲ್ಲಿ ನಮಗೆ ಸಂಖ್ಯಾಶಾಸ್ತ್ರ ಹೇಳಿಕೊಡುವಾಗ ಮೊದಲು ಕಲಿಸುವುದೇ ಇದನ್ನು: ಸ್ಯಾಂಪಲ್ ತಪ್ಪಿದರೆ ಉಳಿದ ಲೆಕ್ಕವೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೇ ಬಂದು, ‘ಸರ್ಕಾರಿ ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ?’ ಎಂದೂ ಕೇಳುತ್ತಾರೆ. ದೂರವೇ, ಸಮಯ ಹೊಂದುವುದಿಲ್ಲವೇ, ತುಂಬಾ ಹೊತ್ತು ಕಾಯಬೇಕೇ ಎಂದು. ಒಳ್ಳೆಯ ಪ್ರಶ್ನೆ. ಆದರೆ ಆ ಸಮೀಕ್ಷೆ ನಡೆಯುವುದು ಕೆಲವು ವರ್ಷಗಳಿಗೊಮ್ಮೆ, ಅದೂ ಇಡೀ ಕುಟುಂಬದ ಬಗ್ಗೆ. ಕಳೆದ ಸೋಮವಾರದ ಮಕ್ಕಳ ಓಪಿಡಿಯ ಬಗ್ಗೆ ಅದು ಏನೂ ಹೇಳಲಾರದು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ‘ತೃಪ್ತಿ’ ಎಂಬ ಪದ. ದಿನದ ಕೂಲಿ ಬಿಟ್ಟು ಬಂದವಳಿಗೆ ಡಾಕ್ಟರು ಸಿಕ್ಕಿದರು, ಮಾತ್ರೆ ಸಿಕ್ಕಿತು ಎಂದರೆ ತೃಪ್ತಿಯೇ. ನಾಳೆ ಮತ್ತೆ ಅದೇ ಡಾಕ್ಟರ ಮುಂದೆ ನಿಲ್ಲಬೇಕಾದವಳು ‘ಇಲ್ಲ’ ಎನ್ನುವುದೂ ಕಷ್ಟ. ವಿಚಿತ್ರವೆಂದರೆ, ಹೌದು-ಇಲ್ಲ ಪ್ರಶ್ನೆ ಕೇಳಬೇಡಿ ಎಂದು ಆರೋಗ್ಯ ಇಲಾಖೆಯ ತರಬೇತಿಯೇ ಹೇಳುತ್ತದೆ! ಮಕ್ಕಳ ಕಾಯಿಲೆ ನಿರ್ವಹಣೆಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ, ನಮ್ಮ ದೇಶವೂ ಅಳವಡಿಸಿಕೊಂಡಿರುವ ಕ್ರಮದಲ್ಲಿ ತಾಯಿಯನ್ನು ‘ಗೊತ್ತಾಯ್ತಾ?’ ಎಂದು ಕೇಳುವಂತಿಲ್ಲ. ಕೇಳಿದರೆ ಅವಳು ‘ಹೂಂ’ ಎಂದು ತಲೆಯಾಡಿಸುತ್ತಾಳೆ, ಅಲ್ಲಿಗೆ ಮುಗಿಯಿತು. ‘ಎಷ್ಟು ಔಷಧ ಕೊಡ್ತೀಯಮ್ಮ? ದಿನಕ್ಕೆ ಎಷ್ಟು ಸಲ? ಯಾವಾಗ ವಾಪಸ್ ಕರ್ಕೊಂಡು ಬರ್ತೀಯ?’ ಎಂದು ಕೇಳಬೇಕು. ಮಗು ಹಾಲು ಕುಡಿಯಲಾರದಂತಾದರೆ ಅಥವಾ ಕಾಯಿಲೆ ಹೆಚ್ಚಾದರೆ ತಕ್ಷಣ ಕರೆತರಬೇಕೆಂದು ಅವಳ ಬಾಯಲ್ಲೇ ಬರಬೇಕು.

ಪೋಷಕರ ಸಮೀಕ್ಷೆಯೂ ಹೀಗೆಯೇ ಇರಲಿ. ಎಷ್ಟು ಹೊತ್ತಿಗೆ ಬಂದಿರಿ, ಡಾಕ್ಟರು ನೋಡಿದ್ದು ಎಷ್ಟು ಹೊತ್ತಿಗೆ? ಮಗುವನ್ನು ಮುಟ್ಟಿ ನೋಡಿದರೇ? ಔಷಧವೆಲ್ಲ ಇಲ್ಲೇ ಸಿಕ್ಕಿತೇ, ಹೊರಗೆ ಕೊಂಡಿರೇ? ಯಾವಾಗ ವಾಪಸ್ ಬರಬೇಕೆಂದು ಹೇಳಿದರು? ಇವಕ್ಕೆ ಉತ್ತರಿಸುವಾಗ ಯಾರನ್ನೂ ದೂರಬೇಕಾಗಿಲ್ಲ, ಹೊಗಳಬೇಕಾಗಿಯೂ ಇಲ್ಲ. ಆಸ್ಪತ್ರೆಗೂ ಇದರಿಂದ ಲಾಭವಿದೆ. ‘ಅತೃಪ್ತಿ’ ಎಂಬ ಉತ್ತರ ಹಿಡಿದುಕೊಂಡು ಯಾರೂ ಏನೂ ಸರಿಪಡಿಸಲಾರರು. ಸಿರಪ್ ಹೊರಗೆ ಕೊಂಡವರು ಹೆಚ್ಚಿದ್ದಾರೆ ಎಂದು ತಿಳಿದರೆ ಇಂಡೆಂಟ್ ಹಾಕಬಹುದು.

ಕೇಳುವವರು ಯಾರು? ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಬೇಡ. ಮೇಲಾಗಿ, ವ್ಯವಸ್ಥೆಯ ಒಳಗಿನವರೇ ಕೇಳಿದರೆ ಬರುವುದು ಮತ್ತೆ ಅದೇ ‘ಹೂಂ’. ಪಿಯುಸಿ ಮುಗಿಸಿದ ಹಾಡಿಯ ಯುವಕ ಯುವತಿಯರು ತಮ್ಮದೇ ಮಾತಿನಲ್ಲಿ, ಔಷಧ ಕೌಂಟರಿನ ಆಚೆ, ಬಸ್ ನಿಲ್ದಾಣದಲ್ಲಿ ಕೇಳಬಹುದು. ದಿನಕ್ಕಿಷ್ಟೆಂದು ಸಂಭಾವನೆ ಕೊಟ್ಟು ಕೇಳಿಸಬೇಕು, ಸ್ವಯಂಸೇವೆಯ ಹೆಸರಿನಲ್ಲಿ ಪುಕ್ಕಟೆಯಾಗಿ ಅಲ್ಲ.

ಪೋಷಕರು ಎಂದೆಲ್ಲ ಬರೆದ ಮೇಲೆ ಗಿರಿಜನ ಆಶ್ರಮ ಶಾಲೆಗಳ ಮಕ್ಕಳ ವಿಷಯ ಉಳಿಯುತ್ತದೆ. ಅಲ್ಲೇ ಉಳಿದು ಓದುವ ಆ ಮಕ್ಕಳಿಗೆ ಜ್ವರ ಬಂದರೆ ಕರೆತರುವುದು ಶಾಲೆಯ ಸಿಬ್ಬಂದಿ. ಅಪ್ಪ ಅಮ್ಮನಿಗೆ ತಿಳಿಯುವುದು ಆಮೇಲೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆಗೆ ದಾಖಲಾಗಿ ಬಂದ ಮಕ್ಕಳ ಬಗ್ಗೆ 2014ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಏಳು ವರ್ಷದವರೆಗಿನವರ ಪರವಾಗಿ ಪೋಷಕರು ಉತ್ತರಿಸಿದರೆ, ಎಂಟು ದಾಟಿದವರಿಗೆ ಅವರದೇ ಪ್ರಶ್ನೆಗಳಿದ್ದವು. ನಮ್ಮ ಆಶ್ರಮ ಶಾಲೆಯ ಮೂರನೇ ತರಗತಿಯ ಮಗುವನ್ನು ‘ಸೂಜಿ ಚುಚ್ಚುವ ಮೊದಲು ನಿನಗೆ ಹೇಳಿದ್ರಾ?’ ಎಂದು ಕೇಳಿದರೆ ಅದು ಖಂಡಿತ ಉತ್ತರ ಹೇಳುತ್ತದೆ.